ಕಿವಿ ಚುಚ್ಚಿಸಿದಿರಿ, ಕೇಳಿಸುತ್ತದೆಯೇ ನೋಡಿದಿರಾ?

ಪರಿಚಯದ ಮನೆಯೊಂದರ ಮೂರು ವರ್ಷದ ಮಗುವಿಗೆ ಎರಡೂ ಕಿವಿ ಕೇಳುವುದಿಲ್ಲ. ಹುಟ್ಟಿನಿಂದಲೇ ಹಾಗಂತೆ, ಗೊತ್ತಾದದ್ದು ಈಗ. ನನಗೆ ಸಿಟ್ಟು ಬಂದದ್ದು ಕಿವುಡಿನ ಮೇಲಲ್ಲ. ಐದನೇ ತಿಂಗಳಲ್ಲೇ ಆ ತಾಯಿ ಹೇಳಿದ್ದಳು, ಕುಕ್ಕರ್ ಕೂಗಿದರೂ ಇದು ಬೆಚ್ಚುವುದಿಲ್ಲ ಅಂತ. “ಇವನಪ್ಪನೂ ಮಾತಾಡಿದ್ದು ಮೂರಕ್ಕೇ, ಸುಮ್ನಿರು” ಎಂದು ಮನೆಯವರೆಲ್ಲ ಸೇರಿ ಅವಳ ಬಾಯಿ ಮುಚ್ಚಿಸಿದರು. ಇದನ್ನು ನಾನು ಕ್ಷಮಿಸಲಾರೆ.

ನಿಮ್ಮ ಮನೆಯಲ್ಲೂ ಇದೇ ಅಲ್ಲವೇ? ಕಿವಿ ಚುಚ್ಚಿಸಲು ಮುಹೂರ್ತ ಹುಡುಕುತ್ತೀರಿ, ಅದೇ ಕಿವಿ ಕೇಳುತ್ತದೆಯೇ ಎಂದು ನೋಡಿಸುವುದಿಲ್ಲ. ಮಾತು ಬರಲಿ ಎಂದು ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತೀರಿ, ಹರಕೆ ಹೊರುತ್ತೀರಿ. ಕಿವಿಗೆ ಬೀಳದ ಮಾತು ನಾಲಿಗೆಗೆ ಬರುವುದು ಎಲ್ಲಿಂದ?

ಕಿವುಡು ಮಗುವೂ ಮೊದಲ ತಿಂಗಳುಗಳಲ್ಲಿ ಊಂ ಆಂ ಎನ್ನುತ್ತದೆ, ಮುಖ ನೋಡಿ ನಗುತ್ತದೆ. ಅಲ್ಲೇ ನಾವು ಮೋಸ ಹೋಗುವುದು. ತಟ್ಟೆ ಬಡಿದು “ನೋಡು, ತಿರುಗಿತು” ಅನ್ನುವವರು ಬೇರೆ. ಅದು ನಿಮ್ಮ ಕೈ ಆಡಿದ್ದನ್ನು ಕಂಡಿರಬಹುದು! ಆರು ತಿಂಗಳ ಹೊತ್ತಿಗೆ ದನಿ ಬಂದ ಕಡೆ ಮುಖ ತಿರುಗಬೇಕು, ಒಂಬತ್ತಕ್ಕೆ ಬಬಬ, ದದದ ಶುರುವಾಗಿರಬೇಕು. ಎರಡಕ್ಕೆ ನಗು, ನಾಲ್ಕಕ್ಕೆ ಕತ್ತು ನಿಲ್ಲುವುದು, ಇವೆಲ್ಲ ತಾಯಿ ಕಾರ್ಡಿನಲ್ಲೇ ಇವೆ. ನಾವು ಲಸಿಕೆಯ ಪುಟ ಬಿಟ್ಟು ಬೇರೆ ತೆರೆದರೆ ತಾನೆ? ಕೆಲ ವಾರ ಹಿಂದುಮುಂದಾದರೆ ಗಾಬರಿ ಬೇಡ, ಒಪ್ಪಿದೆ. ಗಾಬರಿ ಬೇಡ ಅಂದರೆ ತೋರಿಸುವುದೇ ಬೇಡ ಅಂತಲೇ?

ಅವಸರ ಯಾಕೆಂದರೆ, ಮಿದುಳು ಮಾತನ್ನು ಹಿಡಿಯುವುದು ಮೊದಲ ವರ್ಷಗಳಲ್ಲೇ. ವೈದ್ಯರು ಇಟ್ಟುಕೊಂಡಿರುವ ಲೆಕ್ಕ ಸರಳ: 1 ತಿಂಗಳೊಳಗೆ ಶ್ರವಣ ತಪಾಸಣೆ, 3ರೊಳಗೆ ದೋಷ ಖಚಿತ, 6ರೊಳಗೆ ಶ್ರವಣ ಸಾಧನ ಮತ್ತು ತರಬೇತಿ. ಮೊದಲ ಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ. ಮಲಗಿದ ಮಗುವಿನ ಕಿವಿಯಲ್ಲಿ ಪುಟ್ಟ ತುದಿಯಿಟ್ಟು ಕೆಲವೇ ನಿಮಿಷದಲ್ಲಿ ಮುಗಿಸುತ್ತಾರೆ. ಹುಟ್ಟಿದಾಗ ಐಸಿಯುನಲ್ಲಿದ್ದ, ಕಾಮಾಲೆ ತೀವ್ರವಾಗಿದ್ದ, ಸೋದರಮಾವನನ್ನೇ ಮದುವೆಯಾದವರ ಮಕ್ಕಳಿಗಂತೂ ತಪ್ಪಿಸಲೇಬೇಡಿ. ತೋರಿಸಲು 1965ರಿಂದ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಕ್ಕಳ ತಪಾಸಣೆಗೆಂದು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ದಾರಿ ಗೊತ್ತಿಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

“ಜನ ಏನಂದಾರು” ಎನ್ನುತ್ತೀರಿ. ಆ ಜನ ನಿಮ್ಮ ಮಗುವಿಗೆ ಮಾತು ಕಲಿಸಿಕೊಡುವರೇ?

ಅತ್ತೆಯಂದಿರೇ, ಮಾವಂದಿರೇ, ಫೋನಿನಿಂದ ತಲೆ ಎತ್ತದ ಅಪ್ಪಂದಿರೇ, ಹಗಲೂ ರಾತ್ರಿ ಮಗುವಿನ ಪಕ್ಕದಲ್ಲಿರುವವಳು ತಾಯಿ. “ಏನೋ ಸರಿಯಿಲ್ಲ” ಎಂದು ಅವಳು ಅಂದ ದಿನವೇ ಆಟೋ ಕರೆಯಿರಿ. ಅವಳ ಅನುಮಾನ ಸುಳ್ಳಾದರೆ ನಿಮಗೆ ನಷ್ಟ ಆಟೋ ಬಾಡಿಗೆ, ಅಷ್ಟೇ.