ಕಾಡಿಗೂ ಗುಡಿಯ ಬಾಗಿಲೆ?

ಹಾಸ್ಟೆಲಿನ ಗೆಳೆಯರೇ,

ಮೇಲುಕೋಟೆಯ ಗುಡಿಯೊಳಕ್ಕೆ ನಮ್ಮ ತಾತ ಮುತ್ತಾತಂದಿರನ್ನು ವರ್ಷಕ್ಕೆ ಮೂರು ದಿನ ಬಿಡುತ್ತಿದ್ದರು. ಉಳಿದ ದಿನ ಅವರಿಗಿದ್ದದ್ದು ಗುಡ್ಡ, ಕುರುಚಲು ಕಾಡು, ಮೇಕೆ, ಸೌದೆ ಹೊರೆ. 1974ರಲ್ಲಿ ಸರ್ಕಾರ ಪಾಂಡವಪುರ, ಕೆ.ಆರ್. ಪೇಟೆ ಸೀಮೆಯ ಆ ಕಾಡನ್ನು ತೋಳಗಳಿಗಾಗಿ ವನ್ಯಜೀವಿಧಾಮ ಮಾಡಿತು. ಸುಮಾರು 50 ಚದರ ಕಿಲೋಮೀಟರು. ಇಟ್ಟ ಹೆಸರೇನು ಗೊತ್ತೆ? ಮೇಲುಕೋಟೆ ದೇವಸ್ಥಾನ ವನ್ಯಜೀವಿಧಾಮ! ಗುಡಿ ಬೆಳೆದು ಕಾಡಿನವರೆಗೂ ಬಂತು.

ತೋಳ ಉಳಿಯಬೇಕು. ಶ್ರೀರಂಗಪಟ್ಟಣದ ರಂಗನತಿಟ್ಟಿನ ಹಕ್ಕಿ, ನಾಗಮಂಗಲದ ಆದಿಚುಂಚನಗಿರಿಯ ನವಿಲು ಉಳಿಯಬೇಕು. ಅದರಲ್ಲಿ ನಮ್ಮ ತಕರಾರಿಲ್ಲ. ನಮ್ಮ ಜಗಳ, ಕಾಡು ಉಳಿಸ್ತೀವಿ ಅಂತ ಹೊರಟು ಕಾಡಂಚಿನ ಬಡವನ ಮೇಲೆ ಬೀಳುವ ಸಂಸ್ಥೆಗಳ ಜೊತೆ. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಬೆಂಗಳೂರಿನ ವೈಲ್ಡ್‌ಲೈಫ್ ಫಸ್ಟ್ ಮತ್ತಿತರ ಸಂಸ್ಥೆಗಳು 2008ರಲ್ಲಿ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವು. 2019ರ ಫೆಬ್ರವರಿ 13ರಂದು ಕೋರ್ಟು, ಅರ್ಜಿ ತಿರಸ್ಕಾರವಾದವರನ್ನು ಒಕ್ಕಲೆಬ್ಬಿಸಿ ಎಂದಿತು. ದೇಶದ ತುಂಬ ಕೂಗೆದ್ದ ಮೇಲೆ 28ರಂದು ತಡೆ ಕೊಟ್ಟಿತು. ಹಕ್ಕಿಗೂಡು ಎಣಿಸುವವರಿಗೆ ಗುಡಿಸಲು ಕಾಣಲಿಲ್ಲವೆ?

ಅರ್ಜಿ ಯಾಕೆ ಬೀಳುತ್ತೆ? ಪರಿಶಿಷ್ಟ ಪಂಗಡಕ್ಕೆ ಸೇರದವರು, ಅಂದರೆ ನಮ್ಮ ದಲಿತರೂ, 2005ರ ಡಿಸೆಂಬರ್ 13ಕ್ಕೆ ಮೊದಲೇ ಮೂರು ತಲೆಮಾರು, 75 ವರ್ಷ, ಕಾಡು ನಂಬಿ ಅಲ್ಲೇ ಬದುಕಿದ್ದನ್ನು ತೋರಿಸಬೇಕು. 1930ರಲ್ಲಿ ನಮ್ಮವರ ಹೆಸರನ್ನು ಯಾವ ಶಾನುಭೋಗ ಬರೆದುಕೊಂಡಿದ್ದ? ಅಕ್ಷರ ಕೊಡದವರೇ ಈಗ ಪತ್ರ ಕೇಳ್ತಾರೆ. ಪಾಂಡವಪುರದ ಬೇಬಿಬೆಟ್ಟದಲ್ಲಿ ಸಿಡಿಮದ್ದಿಟ್ಟು ಕಲ್ಲು ಸೀಳಿದರಲ್ಲ, ಆ ಧಣಿಗಳನ್ನು ಯಾರಾದರೂ ಮೂರು ತಲೆಮಾರಿನ ಸಾಕ್ಷಿ ಕೇಳಿದರೆ?

ಆದರೆ ಗೆಳೆಯರೇ, ಅದೇ ಕಾಯ್ದೆಯ ನಿಯಮ ಓದಿ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆ ಬರೆದುಕೊಂಡರೆ ಅದು ಸಾಕ್ಷಿ. ಹಳೇ ಬಾವಿ, ಸುಡುಗಾಡು, ದೇವರ ಜಾಗ ಸಾಕ್ಷಿ. ಒಂದಕ್ಕಿಂತ ಹೆಚ್ಚು ಕೊಡಿ. ಇಂಥದ್ದೇ ದಾಖಲೆ ತನ್ನಿ ಅಂತ ಹಠ ಹಿಡಿಯುವಂತಿಲ್ಲ; 2012ರ ತಿದ್ದುಪಡಿ ಹಾಗೆ ಹೇಳುತ್ತೆ. ವನ್ಯಜೀವಿಧಾಮದೊಳಗೂ ಈ ಕಾಯ್ದೆ ನಡೆಯುತ್ತೆ. ಉಳುಮೆಯ ಜಾಗವಷ್ಟೇ ಅಲ್ಲ, ಮೇಕೆ ಮೇಯಿಸುವುದು, ಜೇನು ಬಿಡಿಸುವುದೂ ಹಕ್ಕು.

ರಜಕ್ಕೆ ಊರಿಗೆ ಹೋದಾಗ ಪಕ್ಕದ ಮನೆ ಅಜ್ಜಿ ಮುಂದೆ ನೋಟ್‌ಬುಕ್ಕು ಹಿಡಿದು ಕೂತ್ಕೊಳ್ಳಿ. ಹೇಳಿದ್ದನ್ನು ಬರೆಯಿರಿ, ಹೆಬ್ಬೆಟ್ಟು ಒತ್ತಿಸಿ, ಗ್ರಾಮಸಭೆಯಲ್ಲಿ ಎದ್ದು ಓದಿ. ಬಾಬಾಸಾಹೇಬರು ಓದಿ ಎಂದದ್ದು ಬರೀ ನೌಕರಿಗಲ್ಲ.

ಜೈ ಭೀಮ್!