ತೂಗದೆ ಬರೆದ ಸೂತ್ರ

ಹೈಡ್ರೊಕಾರ್ಬನ್ನುಗಳ ಸೂತ್ರವನ್ನು ಕಂಡುಹಿಡಿಯುವ ಲೆಕ್ಕವು ನಮ್ಮ ಪ್ರಶ್ನಪತ್ರಿಕೆಗಳಿಗೆ ಬಹು ಪ್ರಿಯವಾದುದು. ಒಂದು ಸಂಯುಕ್ತದಲ್ಲಿ ತೂಕದ ಪ್ರಕಾರ ನೂರಕ್ಕೆ 85.7 ಪಾಲು ಇಂಗಾಲವೂ 14.3 ಪಾಲು ಜಲಜನಕವೂ ಇವೆ, ಅಣುತೂಕ 56, ಸೂತ್ರವೇನು? ವಿದ್ಯಾರ್ಥಿಗಳು ಮೊದಲನೆಯದನ್ನು 12ರಿಂದಲೂ ಎರಡನೆಯದನ್ನು 1ರಿಂದಲೂ ಭಾಗಿಸಿ, ಒಂದು ಇಂಗಾಲಕ್ಕೆ ಎರಡು ಜಲಜನಕ ಎಂಬ ಅನುಪಾತವನ್ನು ಪಡೆಯುತ್ತಾರೆ. ಇದೇ ಪ್ರಾಯೋಗಿಕ ಸೂತ್ರ, ಸಿಎಚ್₂. ಇದರ ತೂಕ 14. ಐವತ್ತಾರರಲ್ಲಿ ಹದಿನಾಲ್ಕು ನಾಲ್ಕು ಬಾರಿ ಅಡಗಿರುವುದರಿಂದ ಅಣುಸೂತ್ರ ಸಿ₄ಎಚ್₈. ಉತ್ತರವೂ ಸರಿ, ಅಂಕಗಳೂ ಪೂರ್ಣ. ಆದರೆ ಆ 56 ಎಂಬ ಸಂಖ್ಯೆ ಎಲ್ಲಿಂದ ಬಂದಿತು? ಪತ್ರಿಕೆಯು ಅದನ್ನು ದಾನವಾಗಿ ಕೊಡುತ್ತದೆ, ವಿದ್ಯಾರ್ಥಿಗಳು ಮರುಮಾತಿಲ್ಲದೆ ಸ್ವೀಕರಿಸುತ್ತಾರೆ. ಇದು ಸಲ್ಲದೆಂಬುದು ಭೌತಶಾಸ್ತ್ರವನ್ನು ಕಲಿಸುವ ನನ್ನ ವಾದ.

ವಸ್ತುವನ್ನು ಉರಿಸಿ, ಹುಟ್ಟಿದ ಇಂಗಾಲದ ಡೈಆಕ್ಸೈಡನ್ನೂ ನೀರನ್ನೂ ತೂಗಿದರೆ ನಮಗೆ ದೊರೆಯುವುದು ಅನುಪಾತ ಮಾತ್ರ. ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು ಎಂದು ತಿಳಿದ ಮಾತ್ರಕ್ಕೆ ದೋಸೆಯ ಗಾತ್ರ ತಿಳಿದಂತಾಯಿತೆ? ಬೆಸುಗೆಗೆ ಬಳಸುವ ಅಸಿಟಲೀನ್ ಅನಿಲಕ್ಕೂ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ಬೆಂಜೀನ್ ದ್ರವಕ್ಕೂ ಪ್ರಾಯೋಗಿಕ ಸೂತ್ರ ಒಂದೇ, ಸಿಎಚ್. ಮೊದಲನೆಯದರ ಅಣುತೂಕ 26, ಎರಡನೆಯದರದು 78. ಎರಡನ್ನೂ ಬೇರ್ಪಡಿಸುವುದು ಉರಿಸುವ ಪ್ರಯೋಗವಲ್ಲ, ಅಣುವಿನ ತೂಕ.

ಇದನ್ನು ಮೊದಲು ಸ್ಪಷ್ಟವಾಗಿ ಕಂಡವರಲ್ಲಿ ಮೈಕೇಲ್ ಫ್ಯಾರಡೆ ಒಬ್ಬರು. ಎಣ್ಣೆಯನ್ನು ಕಾಯಿಸಿ ತಯಾರಿಸಿದ ದೀಪದ ಅನಿಲವನ್ನು ಒತ್ತಿ ತುಂಬಿದಾಗ ಉಳಿಯುತ್ತಿದ್ದ ದ್ರವವನ್ನು 1825ರಲ್ಲಿ ಪರೀಕ್ಷಿಸಿ ಅವರು ಬೆಂಜೀನನ್ನು ಕಂಡುಹಿಡಿದರು. ಅದೇ ದ್ರವದಿಂದ ಇನ್ನೊಂದು ಅನಿಲವೂ ಅವರಿಗೆ ದೊರೆಯಿತು. ಅದರ ಘಟಕಗಳ ಅನುಪಾತವು ಎಥಿಲೀನಿನದೇ. ಆದರೆ ಸಾಂದ್ರತೆ ಅದರ ಇಮ್ಮಡಿ! ಜಲಜನಕಕ್ಕಿಂತ ಎಥಿಲೀನ್ ಹದಿನಾಲ್ಕು ಪಟ್ಟು ಭಾರ, ಈ ಹೊಸ ಅನಿಲವು ಸುಮಾರು ಇಪ್ಪತ್ತೆಂಟು ಪಟ್ಟು. ಅದನ್ನೇ ಇಂದು ಬ್ಯೂಟಿಲೀನ್ ಎನ್ನುತ್ತೇವೆ. ಸಾಂದ್ರತೆಯನ್ನು ಅಳೆಯದಿದ್ದರೆ ಎರಡೂ ಒಂದೇ ವಸ್ತುವೆಂಬ ಭ್ರಮೆಗೆ ಎಡೆಯಾಗುತ್ತಿತ್ತು.

ಸಮಾನ ಉಷ್ಣತೆ ಮತ್ತು ಒತ್ತಡಗಳಲ್ಲಿ ಸಮಾನ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮಾನವೆಂದು ಅವೊಗಾಡ್ರೊ 1811ರಲ್ಲಿಯೇ ಹೇಳಿದ್ದರು. ಹಾಗಿದ್ದ ಮೇಲೆ ಅನಿಲವನ್ನು ತೂಗುವುದೆಂದರೆ ಅಣುವನ್ನೇ ತೂಗಿದಂತೆ. ಆದರೂ 1858ರಲ್ಲಿ ಕ್ಯಾನಿಜಾರೊ ಅದರ ಉಪಯೋಗವನ್ನು ವಿಶದಪಡಿಸಿ, 1860ರ ಕಾರ್ಲ್ಸ್‌ರೂಹೆ ಸಮ್ಮೇಳನದ ಅನಂತರ ಆ ವಿಚಾರವು ಹರಡುವವರೆಗೆ, ಸೂತ್ರಗಳ ವಿಷಯದಲ್ಲಿ ರಸಾಯನಶಾಸ್ತ್ರಜ್ಞರೊಳಗೆ ಒಮ್ಮತವಿರಲಿಲ್ಲ. ವಿದ್ವಾಂಸರು ಅರ್ಧ ಶತಮಾನ ಹೆಣಗಿ ದಾಟಿದ ಹೊಳೆಯನ್ನು ನಾವು ‘ಅಣುತೂಕ 56’ ಎಂಬ ಎರಡು ಪದಗಳಲ್ಲಿ ಮುಚ್ಚಿಬಿಡುತ್ತೇವೆ.

ಪಾಠಗಳು ಹೆಚ್ಚು, ಕಾಲ ಕಡಮೆ ಎಂಬ ಆಕ್ಷೇಪಣೆಯುಂಟು. ಇಂದು ಮಾಸ್ ಸ್ಪೆಕ್ಟ್ರೊಮೀಟರ್ ಎಂಬ ಯಂತ್ರವು ಅಣುತೂಕವನ್ನು ಅತಿ ಸೂಕ್ಷ್ಮವಾಗಿ ತಿಳಿಸುವಾಗ ನಮಗೇಕೆ ಈ ಶ್ರಮವೆಂದೂ ಕೇಳಬಹುದು. ಆದರೆ ಇಲ್ಲಿ ಬೇಕಾದುದು ಸೂಕ್ಷ್ಮತೆಯಲ್ಲ. ಸಿಗರೇಟು ಹಚ್ಚುವ ಲೈಟರಿನಲ್ಲಿ ಪ್ರಧಾನವಾಗಿರುವ ಬ್ಯೂಟೇನಿನ ಪ್ರಾಯೋಗಿಕ ಸೂತ್ರ ಸಿ₂ಎಚ್₅. ಅದರ ತೂಕ 29. ಅಣುತೂಕವು 29, 58, 87 ಇವುಗಳಲ್ಲಿ ಒಂದಾಗಿರಬೇಕೇ ಹೊರತು ನಡುವಿನ ಸಂಖ್ಯೆಯಾಗಲಾರದು. ಅಳತೆಯಲ್ಲಿ ನೂರಕ್ಕೆ ಹತ್ತು ಪಾಲು ತಪ್ಪಿ 52 ಬಂದರೂ 64 ಬಂದರೂ ಉತ್ತರವು 58 ಎಂಬುದರಲ್ಲಿ ಸಂದೇಹವಿಲ್ಲ.

ಲೈಟರನ್ನು ತೂಗಿ, ನೀರು ತುಂಬಿ ಬೋರಲಾಗಿಟ್ಟ ಅಳತೆಯ ಜಾಡಿಯೊಳಕ್ಕೆ ಅದರ ಅನಿಲವನ್ನು ಹೊತ್ತಿಸದೆ ಬಿಟ್ಟು, ಒರಸಿ ಒಣಗಿಸಿ ಮತ್ತೆ ತೂಗಿದರೆ ಸಾಕು. ಹತ್ತಿರದಲ್ಲಿ ಉರಿಯಿರಕೂಡದು, ಅಧ್ಯಾಪಕರು ಎದುರಿಗಿರಬೇಕು. ಸಾಮಾನ್ಯ ಒತ್ತಡದಲ್ಲಿ, 25 ಡಿಗ್ರಿ ಉಷ್ಣತೆಯಲ್ಲಿ ಒಂದು ಮೋಲ್ ಅನಿಲದ ಗಾತ್ರ ಸುಮಾರು 24.5 ಲೀಟರು, ನೀರಾವಿಯ ಒತ್ತಡವನ್ನು ಕಳೆದು ಲೆಕ್ಕ ಮಾಡಿದರೆ ಅಣುತೂಕ ಕೈಗೆ ಬರುತ್ತದೆ. ಇದಕ್ಕೆ ಒಂದು ಪೀರಿಯಡ್ ಸಾಕು.

ಪರೀಕ್ಷಕರು ಪತ್ರಿಕೆಯಲ್ಲಿ ಅಣುತೂಕದ ಬದಲು ಅನಿಲದ ತೂಕ, ಗಾತ್ರ, ಉಷ್ಣತೆ ಮತ್ತು ಒತ್ತಡಗಳನ್ನು ಕೊಡಲಿ. ವಿದ್ಯಾರ್ಥಿಮಿತ್ರರೇ, ಅವರು ಕೊಡದಿದ್ದರೂ ನೀವು ಕೇಳಿ. ‘ಪ್ರಾಯೋಗಿಕ’ ಎಂಬ ಹೆಸರು ಒಂದು ಸೂತ್ರಕ್ಕೆ ಮಾತ್ರ ಅಂಟಿಕೊಂಡಿದೆ. ಪ್ರಯೋಗದ ಋಣ ಎರಡಕ್ಕೂ ಉಂಟು.