ಎಳೆಯುವವರ ಲೆಕ್ಕ ಎಲ್ಲಿ?

ಕೋಲಾರಕ್ಕೆ ನೀರು ಕೊಟ್ಟೆವು ಎಂದು ಎದೆ ತಟ್ಟಿಕೊಳ್ಳುವವರೇ, ಏನು ಕೊಟ್ಟಿರಿ, ಯಾರಿಗೆ ಕೊಟ್ಟಿರಿ? ದೂರದ ಕಾವೇರಿಯನ್ನು ಎತ್ತಿ ತಂದು ಬೆಂಗಳೂರು ಕುಡಿಯಿತು, ಮಿಂದಿತು, ಕಕ್ಕಸು ತೊಳೆಯಿತು. ಆ ಕೊಳಚೆಯನ್ನು ಎರಡನೇ ಹಂತದವರೆಗಷ್ಟೇ ಶುದ್ಧೀಕರಿಸಿ 2018ರ ಜೂನ್‌ನಲ್ಲಿ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯ ಪೈಪಿನಿಂದ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಿಟ್ಟಿರಿ. ಮರುತಿಂಗಳೇ ನೊರೆ ಎದ್ದಿತು. ಮೂರನೇ ಹಂತವನ್ನೂ ಮಾಡಿ ಎಂದು ಕೋಲಾರ ಕೂಗುತ್ತಲೇ ಇದೆ.

ಪಶ್ಚಿಮ ಘಟ್ಟದ ನೀರನ್ನು ಇತ್ತ ತಿರುಗಿಸುವ ಎತ್ತಿನಹೊಳೆ ಯೋಜನೆಯದು ಇನ್ನೂ ಸೊಗಸು. ಯೋಜನಾ ವರದಿ 24 ಟಿಎಂಸಿ ಎಂದಿತು. ಸಿಗುವುದು ಹತ್ತಕ್ಕೂ ಕಡಿಮೆ ಎಂದಿತು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ. ಅಂದಾಜು ವೆಚ್ಚ ಮಾತ್ರ 23 ಸಾವಿರ ಕೋಟಿ ದಾಟಿತು.

ಕೆ.ಸಿ. ವ್ಯಾಲಿ ನೀರಿನಿಂದ ಕೆರೆ ತುಂಬಿದ ಕಡೆ ಬೋರುಗಳಲ್ಲಿ ನೀರು ಏರಿದ್ದು ನಿಜ, ಇಲ್ಲ ಅನ್ನುವುದಿಲ್ಲ. ಯಾರ ಬೋರು? ಕೆರೆ ಊರಿನದು, ನೆಲದಡಿಯ ನೀರು ಜಮೀನಿದ್ದವನದು. ಬ್ರಿಟಿಷರ 1882ರ ಈಸ್‌ಮೆಂಟ್ ಕಾಯ್ದೆಯ ನ್ಯಾಯ ಇನ್ನೂ ನಮ್ಮ ತಲೆಯ ಮೇಲೆ ಕೂತಿದೆ. ಸಾಲ ಮಾಡಿ ಕೊರೆಸಿದ ಸಣ್ಣ ರೈತನ ಪಕ್ಕದಲ್ಲೇ ಉಳ್ಳವನು ಇನ್ನೂರು ಅಡಿ ಹೆಚ್ಚಿಗೆ ಇಳಿಸಿದರೆ, ಇವನ ಮೋಟಾರು ಬರೀ ಗಾಳಿ ಎಳೆಯುತ್ತದೆ. ಜಮೀನೇ ಇಲ್ಲದವರ ಪಾಡು ಕೇಳುವವರಾರು?

ಹಿಂದೆ ತೂಬು ಎತ್ತಿ ಗದ್ದೆಗದ್ದೆಗೂ ನೀರು ಹಾಯಿಸುತ್ತಿದ್ದವನು ನೀರುಗಂಟಿ. ಬಹಳ ಊರುಗಳಲ್ಲಿ ಅವನು ದಲಿತ. ಸರದಿ ಅವನ ಕೈಲಿತ್ತು, ಗದ್ದೆ ಅವನದಾಗಿರಲಿಲ್ಲ. (ಕೆರೆಗಳ ಸುವರ್ಣಯುಗವನ್ನು ಹಾಡಿ ಹೊಗಳುವವರು ಇದನ್ನೂ ಸೇರಿಸಿ ಹಾಡಲಿ.) ಬೋರು ಬಂದ ಮೇಲೆ ಆ ಕೆಲಸವೂ ಹೋಯಿತು. ಅವನ ಮೊಮ್ಮಗಳು ಈಗ ಶುದ್ಧ ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ನಿಂತಿದ್ದಾಳೆ. ಐದು ರೂಪಾಯಿ ನಾಣ್ಯಕ್ಕೆ ಇಪ್ಪತ್ತು ಲೀಟರ್. ಕರೆಂಟು ಹೋದರೆ ಅದೂ ಇಲ್ಲ. ಮನೆಯ ನಲ್ಲಿಯಲ್ಲಿ ಬರುವುದು ಫ್ಲೋರೈಡ್ ನೀರು. ಮಗುವಿನ ಹಲ್ಲು ಕಂದು, ಅಜ್ಜಿಯ ಮೊಣಕಾಲು ಸೊಟ್ಟ.

ಜನಸಂಖ್ಯೆ ಎಷ್ಟು ಏರುತ್ತದೆಂದು ಗುಣಿಸಿ ಪೈಪಿನ ಅಳತೆ ಗೊತ್ತುಮಾಡುವ ಎಂಜಿನಿಯರರೇ, ಕುಡಿಯುವ ಬಾಯಿಗಳನ್ನು ಎಣಿಸಿದಿರಿ, ಎಳೆಯುವ ಮೋಟಾರುಗಳನ್ನು ಎಣಿಸಿದಿರಾ? 2011ರ ಅಂತರ್ಜಲ ಕಾಯ್ದೆ ಇದೆ. ಅಧಿಸೂಚಿತ ತಾಲ್ಲೂಕುಗಳಲ್ಲಿ ಅನುಮತಿಯಿಲ್ಲದೆ ಕೊರೆಯುವಂತಿಲ್ಲ. ಆ ಕಾಯ್ದೆಯ ಕಿವಿಗೆ ರಾತ್ರಿ ಗುಡುಗುವ ರಿಗ್ ಲಾರಿ ಕೇಳಿಸುವುದಿಲ್ಲ. ಬೋರುಗಳಿಗೆ ಮೀಟರ್ ಕೂರಿಸಿ. ತುಂಬಿಸಿದ ಕೆರೆಯ ಸುತ್ತ ಯಾರು ಎಷ್ಟು ಎಳೆಯುತ್ತಾರೆಂಬ ಪಟ್ಟಿಯನ್ನು ಪಂಚಾಯ್ತಿ ಗೋಡೆಗೆ ಅಂಟಿಸಿ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ, ಕೂಲಿಯವಳ ಕ್ಯಾನಿಗೆ ಐದು ರೂಪಾಯಿ: ಈ ಲೆಕ್ಕ ನಿಮ್ಮ ಯಾವ ವರದಿಯ ಯಾವ ಪುಟದಲ್ಲಿದೆ, ತೋರಿಸಿ.